ಅಪ್ಪನ ಮರೆವನ್ನು ಮುಚ್ಚಿಟ್ಟ ಮನೆ

ಅಣ್ಣ ತಂಗಿ ಸೇರಿ ನಡೆಸುವ ಹೊಲಿಗೆ ಅಂಗಡಿಯಲ್ಲಿ ಕೋಟು ಕತ್ತರಿಸುವುದರಲ್ಲಿ ಅಣ್ಣನದು ಎತ್ತಿದ ಕೈ. ಅಂಥವನು ಮೊನ್ನೆ ತೋಳಿನ ಕಾಗದದ ಅಚ್ಚನ್ನು ಮಗುಚಿ ಹಾಕುವುದನ್ನೇ ಮರೆತು, ಒಂದೇ ಕೋಟಿಗೆ ಎರಡೂ ಎಡತೋಳು ಕತ್ತರಿಸಿಟ್ಟ. ತಂಗಿ ತುಟಿಪಿಟಕ್ಕೆನ್ನದೆ ಉಳಿದ ಬಟ್ಟೆಯಲ್ಲಿ ಬಲತೋಳು ಕತ್ತರಿಸಿ ಹೊಲಿದಳು. ಆ ತಿಂಗಳಲ್ಲಿ ಇದು ನಾಲ್ಕನೆಯ ಸಲ.

ಅಣ್ಣನಿಗಿನ್ನೂ ನಲವತ್ತೇಳು. ಅವರ ಅಪ್ಪನಿಗೂ ಐವತ್ತು ತುಂಬುವ ಮೊದಲೇ ಮರೆವು ಶುರುವಾಗಿತ್ತು. ಕೊನೆಗೆ ಹೆತ್ತ ಮಕ್ಕಳ ಗುರುತೂ ಹತ್ತಲಿಲ್ಲ. ಜನ ಮನೆಗೆ ಶಾಪ ತಟ್ಟಿದೆ ಎಂದಾರೆಂದು ಹೆದರಿ, ಯಾರಾದರೂ ಕೇಳಿದರೆ ಬಿದ್ದು ತಲೆಗೆ ಪೆಟ್ಟಾಗಿತ್ತು ಎನ್ನಬೇಕೆಂದು ಅಮ್ಮ ಇಬ್ಬರಿಗೂ ಕಟ್ಟಪ್ಪಣೆ ಮಾಡಿದ್ದಳು. ಅಮ್ಮ ಹೋದಳು, ಸುಳ್ಳು ಉಳಿಯಿತು. ಈಗ ಕೀಲಿಕೈ ಎಲ್ಲಿಟ್ಟೆ ಎಂದು ನೆನಪಾಗದಿದ್ದರೂ ತಂಗಿಯ ಎದೆ ಧಸಕ್ಕೆನ್ನುತ್ತಿತ್ತು. ಮುಂದಿನ ಸರದಿ ತನ್ನದೇ ಎಂದು ಪಾಪ, ಅವಳು ತೀರ್ಮಾನಿಸಿಬಿಟ್ಟಿದ್ದಳು.

ಪಕ್ಕದ ಮನೆಯ ನರ್ಸಕ್ಕ ಅಳತೆ ಕೊಡಲು ಬಂದ ದಿನ ಅಣ್ಣ ಭುಜದ ಅಳತೆಯನ್ನು ಮೂರು ಸಲ ತೆಗೆದ, ಮೂರು ಸಲವೂ ಬರೆದುಕೊಳ್ಳಲಿಲ್ಲ. ಆಮೇಲೆ ಚಹಾ ತರುತ್ತೇನೆಂದು ಎದ್ದು ಹೋದ. ನರ್ಸಕ್ಕ ಬಾಗಿಲು ಮುಂದೆಮಾಡಿ, ಎಷ್ಟು ದಿನದಿಂದ ಹೀಗೆ ಎಂದು ನೇರವಾಗಿ ಕೇಳಿದಳು. ತಂಗಿ ಮೊದಲು ನಿದ್ದೆಗೆಟ್ಟಿದ್ದಾನೆ ಎಂದು ತೇಲಿಸಿ ನೋಡಿದಳು. ಆಗಲಿಲ್ಲ. ಅತ್ತುಕೊಂಡೇ ಅಪ್ಪನ ವಿಷಯವೆಲ್ಲ ಹೇಳಿದಳು.

"ನಮ್ಮ ರಕ್ತದಲ್ಲೇ ಇದೆ ಅಕ್ಕ. ಡಾಕ್ಟ್ರು ತಾನೆ ಏನು ಮಾಡ್ತಾರೆ?"

ನರ್ಸಕ್ಕ ಸಮಾಧಾನವಾಗಿ ಬಿಡಿಸಿ ಹೇಳಿದಳು. ಮರೆವೆಲ್ಲ ವಂಶದಿಂದಲೇ ಬರುವುದಿಲ್ಲ. ಥೈರಾಯ್ಡ್ ತೊಂದರೆ, ವಿಟಮಿನ್ ಕೊರತೆ, ಮನಸ್ಸಿನ ಖಿನ್ನತೆಯಿಂದಲೂ ಹೀಗಾಗುತ್ತದೆ, ಅವಕ್ಕೆ ಚಿಕಿತ್ಸೆಯಿದೆ. ಆದರೆ ಚಿಕ್ಕ ವಯಸ್ಸಿಗೇ, ಒಂದೇ ಮನೆಯಲ್ಲಿ ಒಬ್ಬರಾದ ಮೇಲೆ ಒಬ್ಬರಿಗೆ ಶುರುವಾದರೆ, ಜೀನ್ ಎನ್ನುವ ವಂಶವಾಹಿಯಲ್ಲಿ ದೋಷ ಇರಬಹುದು.

"ಇದ್ರೂ ಎಲ್ಲ ಮಕ್ಕಳಿಗೂ ಬರಲ್ಲ ಕಣೆ. ಒಂದೊಂದು ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ, ಅಷ್ಟೆ. ಅಣ್ಣನಿಗೆ ಬಂದಿದ್ರೂ ನಿನಗೂ ಬರಲೇಬೇಕು ಅಂತೇನಿಲ್ಲ. ನೀನು ಜೀನ್ ಪರೀಕ್ಷೆ ಮಾಡಿಸ್ಕೊಳ್ಳೋದು ಬಿಡೋದು ನಿನ್ನಿಷ್ಟ, ತಿಳಿದವರ ಹತ್ರ ಮಾತಾಡಿ ಯೋಚನೆ ಮಾಡು. ಅವನನ್ನ ಮಾತ್ರ ತಡಮಾಡದೆ ತೋರಿಸು."

ತಿರುಗಿ ನೋಡಿದರೆ ಬಾಗಿಲಲ್ಲಿ ಅಣ್ಣ. ಯಾವಾಗ ಬಂದನೋ, ಎಷ್ಟು ಕೇಳಿಸಿಕೊಂಡನೋ.

"ನನ್ನ ತಪ್ಪನ್ನೆಲ್ಲ ನೀನು ತಿದ್ತಾ ಇರೋದು ನಂಗೊತ್ತು," ಎಂದ. "ನಂಗೆ ಬಂದಿದೆ ಅಂತ ಒಪ್ಕೊಂಡ್ರೆ ನೀನು ಹೆದರ್ತೀಯ ಅಂತ ಸುಮ್ನಿದ್ದೆ."

ನೋಡಿ, ಒಂದೇ ಮೇಜಿನ ಆಚೆ ಈಚೆ ಕೂತು, ಒಬ್ಬರ ಸಲುವಾಗಿ ಒಬ್ಬರು ಬಾಯಿ ಕಟ್ಟಿಕೊಂಡು ಎಷ್ಟು ತಿಂಗಳು ಸವೆಸಿದ್ದರು.

ಮರುದಿನ ಅಂಗಡಿಗೆ ಬೀಗ ಹಾಕಿ ಆಸ್ಪತ್ರೆಗೆ ಹೋದರು. ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿತ್ತೇ ಎಂದು ಡಾಕ್ಟರ್ ಕೇಳಿದರು. ರೂಢಿಯ ಸುಳ್ಳು ತಂಗಿಯ ನಾಲಿಗೆಯ ತುದಿಗೆ ಬಂದು ನಿಂತಿತು. ಅವಳು ಅಣ್ಣನ ಕೈ ಹಿಡಿದುಕೊಂಡಳು.

"ನಮ್ಮಪ್ಪನಿಗೆ ಇತ್ತು, ಡಾಕ್ಟ್ರೇ. ನಲವತ್ತೊಂಬತ್ತಕ್ಕೇ ಶುರುವಾಗಿತ್ತು."

ಡಾಕ್ಟರ್ ಪೆನ್ನು ತೆಗೆದುಕೊಂಡರು. "ಇದನ್ನ ಹೇಳಿದ್ದು ಒಳ್ಳೇದಾಯ್ತು. ಯಾವ ಪರೀಕ್ಷೆ ಬೇಕು ಅಂತ ಈಗ ನಂಗೆ ಗೊತ್ತಾಯ್ತು."

ನಿಮ್ಮ ಮನೆಯಲ್ಲೂ ಇಂಥದೊಂದು ಮಾತು ಮುಚ್ಚಿಟ್ಟಿದೆಯೇ? ಇದು ಶಾಪವಲ್ಲ, ಯಾರ ತಪ್ಪೂ ಅಲ್ಲ. ಅಜ್ಜನಿಗೋ ಅಪ್ಪನಿಗೋ ಸೋದರತ್ತೆಗೋ ಯಾವ ವಯಸ್ಸಿಗೆ ಮರೆವು ಶುರುವಾಯಿತೆಂದು ಇವತ್ತೇ ಹಿರಿಯರನ್ನು ಕೇಳಿಟ್ಟುಕೊಳ್ಳಿ. ಡಾಕ್ಟರ್ ಮುಂದೆ ಅದನ್ನು ನುಂಗಬೇಡಿ, ಹೇಳಿಬಿಡಿ.