ಶಾಲು ಬೇಡ, ಕೋಲು ಕೊಡು

ಬಲಗಾಲಿನ ಮೊಣಕಾಲು ಬದಲಿಸಿಕೊಂಡು ಆರು ತಿಂಗಳಾದ ಮೇಲೆ ಮಹಾದೇವಮ್ಮ ಸೇಡಂ ರಸ್ತೆಯ ಡಾಕ್ಟರಿಗೆ ಕೇಳಿದ್ದು ಒಂದೇ ಪ್ರಶ್ನೆ: ಕೋಲಾಟ ಆಡಬಹುದೋ ಇಲ್ಲವೋ. ಕುಣಿಯಬೇಡಿ, ತಿರುಗಬೇಡಿ, ಕುಕ್ಕರಗಾಲಲ್ಲಿ ಕೂಡಬೇಡಿ ಎಂದರು ಅವರು. ಕೈ ಬೀಸಬೇಡಿ ಎನ್ನಲು ಮರೆತರು. ಆ ಮರೆವನ್ನು ಸೆರಗಿಗೆ ಗಂಟು ಹಾಕಿಕೊಂಡು ಅವಳು ಮನೆಗೆ ಬಂದಳು.

ಪ್ರತಿ ಸೀಗಿ ಹುಣ್ಣಿಮೆಗೆ ಅವಳ ಮುಂದಾಳ್ತನದಲ್ಲಿ ಜೇವರ್ಗಿ ಕಾಲೋನಿಯ ಹೆಂಗಸರು ಟೆಂಪೋ ಮಾಡಿಕೊಂಡು ಕಮಲಾಪುರಕ್ಕೆ ಹೋಗಿ, ಅಲ್ಲಿಯವರೊಡನೆ ಕೋಲಾಟ ಆಡುವುದು ರೂಢಿ. ಹಾಡು ಮುಗಿಯುವುದರೊಳಗೆ ಪ್ರತಿಯೊಬ್ಬಳ ಕೋಲೂ ಪ್ರತಿಯೊಬ್ಬಳ ಕೋಲಿಗೆ ತಾಗಬೇಕು. ತಾಗದೆ ಉಳಿದ ಇಬ್ಬರು ಮಾತು ಬಿಟ್ಟವರೆಂದೇ ಊರು ತಿಳಿಯುತ್ತದೆ. ಕಮಲಾಪುರ ಮಹಾದೇವಮ್ಮನ ತವರು. ಅಲ್ಲಿನ ಬಾಲ್ಯದ ಗೆಳತಿ, ಹೊಲಿಗೆಯ ಬಂಡೆಮ್ಮನ ಕೋಲು ಅವಳ ಕೋಲಿಗೆ ತಾಗದ ವರ್ಷವೇ ಇರಲಿಲ್ಲ.

ಈ ಸಲ ಟೆಂಪೋ ಇಳಿದು ಅಂಗಳಕ್ಕೆ ಬಂದರೆ, ನಡುವೆ ಕೆಂಪು ಪ್ಲಾಸ್ಟಿಕ್ ಕುರ್ಚಿ. ಈ ಆರು ತಿಂಗಳು ಅವಳ ಬದಲಿಗೆ ಮೇಳ ನಡೆಸುತ್ತಿದ್ದ ಭಾಗ್ಯಜ್ಯೋತಿ ಓಡಿಬಂದು, ಹಾರ ಹಾಕಿ, ಬಿಸಿಲಿನಲ್ಲಿ ಉಣ್ಣೆಯ ಶಾಲು ಹೊದಿಸಿದಳು.

"ಅಕ್ಕಾರ, ನೀವು ಆರಾಮ ಕೂಡ್ರಿ. ನೀವು ಹಾಡ್ರಿ, ನಾವು ಆಡ್ತೀವಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ಮಹಾದೇವಮ್ಮನಿಗೆ ಗಂಡ ಗುರುಲಿಂಗಪ್ಪ ರಿಟೈರಾದ ದಿನ ನೆನಪಾಯಿತು. ಅಂದೂ ಇಂಥದೇ ಶಾಲು. ಮರುದಿನ ಅವರ ಟೇಬಲ್ಲಿಗೆ ಬೇರೆಯವರು ಬಂದು ಕೂತಿದ್ದರು.

"ಭಾಗ್ಯಾ, ನನ್ನ ಕೋಲ ಎಲ್ಲಿ ಅವ?"

"ಟೆಂಪೋದಾಗ ಅವ ರೀ. ನಿಮಗ ತ್ರಾಸ ಆಗಬಾರದಂತ…"

"ತ್ರಾಸ ಈ ಶಾಲಿಂದು. ಇದನ್ನ ಅಲ್ಲಿಟ್ಟು ಅವನ್ನ ತೊಗೊಂಡ ಬಾ."

ಕೋಲು ಬಂತು. ಕುರ್ಚಿ ನಡುವಿನಿಂದ ಸಾಲಿಗೆ ಸರಿಯಿತು. ಹಾಡು ಎತ್ತಿದ ಮೇಲೆ ಮೂರನೆಯ ಪೆಟ್ಟಿಗೆ ಕೋಲು ಕೆಳಗೆ ತರಬೇಕು, ತಂದಳು. ಠಪ್ಪೆಂದು ಕುರ್ಚಿಯ ಕೈಗೆ ಬಡಿಯಿತು. ಇಡೀ ಸಾಲಿನ ತಾಳ ತಪ್ಪಿ, ಯಾರೋ ಯಾರದೋ ಬೆರಳಿಗೆ ಹೊಡೆದರು.

"ಯಾರ ಮನಿ ಬಾಗಲಾ ಬಡೀಲಾಕತ್ತೀರಿ?" ಎಂದಿತು ಒಂದು ದನಿ. ಎಲ್ಲರ ಜೊತೆ ಮಹಾದೇವಮ್ಮನೂ ನಕ್ಕಳು. ಆದರೆ ನಗುತ್ತಲೇ ನೋಡಿದರೆ ಎದುರು ಸಾಲಿನಲ್ಲಿ ಈಗಷ್ಟೇ ನಿಂತಿದ್ದ ಬಂಡೆಮ್ಮ ಇಲ್ಲ. ನನ್ನ ಈ ಅವತಾರ ನೋಡಲಾರದೆ ಹೊರಟುಹೋದಳು ಎನಿಸಿತು. ಅವಳಿಲ್ಲದಿದ್ದರೆ ಈ ಕೋಲು ಯಾರಿಗೆ?

ಅಷ್ಟರಲ್ಲಿ ಎರಡು ಬಗಲಲ್ಲಿ ಎರಡು ಸ್ಟೂಲು ಇರುಕಿಕೊಂಡು, ಕುಂಟುತ್ತ, ಬಂಡೆಮ್ಮ ಬಂದಳು. ಹೊಲಿಗೆ ಮಷೀನಿನ ಮುಂದೆ ಕೂಡುವ, ಕೈಯೂ ಇಲ್ಲದ ಬೆನ್ನೂ ಇಲ್ಲದ ಸ್ಟೂಲು.

"ಕುರ್ಚಿ ಬಿಟ್ಟ ಏಳ, ಮಾದೇವಿ. ಅದು ಭಾಷಣ ಮಾಡವರದು."

"ಎರಡ್ಯಾಕ ತಂದೀ?"

"ನನಗೇನು ಮೊಣಕಾಲ ಇಲ್ಲೇನು? ಎರಡ ವರ್ಷಾತು, ಹಲ್ಲ ಕಚ್ಚಿ ಆಡಾಕತ್ತೀನಿ. ಯಾರರ ಮೊದಲ ಕೂಡಲಿ ಅಂತ ದಾರಿ ಕಾಯ್ತಿದ್ದೆ."

"ಒಂದ ಮಾತ ಹೇಳಬಾರದೇನ?"

"ಹೇಳಿದ್ರ ನನಗೂ ಶಾಲ ಹೊಚ್ಚತಿದ್ರು."

ಎರಡು ಸ್ಟೂಲು ಎದುರುಬದುರು ಕೂತವು, ನಡುವೆ ಒಬ್ಬಳು ದಾಟುವಷ್ಟು ಸಂದಿ ಬಿಟ್ಟು. ಸಾಲು ಆ ಸಂದಿಯಲ್ಲಿ ಹಾದುಹೋಗಬೇಕು; ಹೋಗುತ್ತ ಎಡಕ್ಕೊಂದು, ಬಲಕ್ಕೊಂದು ಪೆಟ್ಟು. ಕೂತವರಿಗೆ ದಣಿವಿಲ್ಲ, ಹಾಗಾಗಿ ಹಾಡಿನ ಓಟ ಅವರ ಕೈಗೆ ಬಂತು. ಮಹಾದೇವಮ್ಮ ಚುರುಕು ಮಾಡಿದಳು, ಬಂಡೆಮ್ಮ ಇನ್ನಷ್ಟು. ಹರೆಯದವರು ಸೆರಗು ಸಿಗಿಸಿಕೊಂಡು ಓಡತೊಡಗಿದರು.

ಮೂರನೆಯ ಸುತ್ತಿಗೆ ಭಾಗ್ಯಜ್ಯೋತಿ ಸೊಂಟ ಹಿಡಿದು ನಿಂತಳು. "ಅಕ್ಕಾರ, ಇನ್ನೊಂದ ಸ್ಟೂಲ ಅದ ಏನ್ರೀ?"

"ಸ್ಟೂಲ ಇಲ್ಲವ," ಎಂದಳು ಮಹಾದೇವಮ್ಮ, ತಾಳ ಬಿಡದೆ. "ಶಾಲ ಅದ. ಹೊಚ್ಚಲೇನು?"

ಭಾಗ್ಯಜ್ಯೋತಿ ಸೊಂಟ ಬಿಟ್ಟು ಮತ್ತೆ ಓಡಿದಳು. ಕೊನೆಯವಳೂ ದಾಟಿ ಸಂದಿ ಖಾಲಿಯಾಯಿತು. ಹಾಡಿನ ಕಡೆಯ ಸಾಲಿಗೆ, ಯಾರೂ ಅಡ್ಡವಿಲ್ಲದ ಆ ಜಾಗದಲ್ಲಿ, ಬಂಡೆಮ್ಮನ ಕೋಲು ಬಂದು ಮಹಾದೇವಮ್ಮನ ಕೋಲಿಗೆ ತಾಗಿತು.