ಉಳಿದ ಆರು ಸ್ಟ್ರಿಪ್

ಜೂನ್ ಮೊದಲ ವಾರದ ಒಂದು ಬೆಳಿಗ್ಗೆ, ಬೆಳಗೋಡಿನ ಅಂಗನವಾಡಿಯಲ್ಲಿ ಮಕ್ಕಳನ್ನು ಸಾಲಾಗಿ ಕೂರಿಸುತ್ತಿದ್ದ ವಾಣಿಗೆ ನಾದಿನಿ ಚೈತ್ರಶ್ರೀಯ ಫೋನ್ ಬಂತು. ಚೈತ್ರಶ್ರೀಯನ್ನು ಹೆತ್ತೂರಿಗೆ ಕೊಟ್ಟು ನಾಲ್ಕು ವರ್ಷವಾಗಿತ್ತು.

"ಅತ್ತಿಗೆ, ಆ ಮೊಡವೆ ಮಾತ್ರೆ ಹೋದ ವಾರ ಮುಗೀತು. ಮುಖ ಕನ್ನಡಿ ಹಂಗೆ ಆಗೈತೆ. ಇನ್ನೊಂದು ಸ್ಟ್ರಿಪ್ ಇದ್ರೆ ತೆಗ್ದಿಡಿ, ನಾಳೆ ಬರ್ತೀನಿ. ಒಂದು ಸುದ್ದೀನೂ ಐತೆ. ಮೂರು ತುಂಬ್ಲಿ ಅಂತ ಸುಮ್ನಿದ್ದೆ. ಬಂದೇ ಹೇಳ್ತೀನಿ."

ಇನ್ನು ಬಂದು ಹೇಳುವುದೇನು ಉಳಿಯಿತು! ಹನ್ನೊಂದು ವರ್ಷದಿಂದ ಊರಿನ ಬಸುರಿಯರ ಹೆಸರು ಬರೆದುಕೊಂಡು ಬಂದವಳು ವಾಣಿ. ಮೂರು ತಿಂಗಳು ತುಂಬುವ ತನಕ ಯಾರೂ ಬಾಯಿ ಬಿಡುವುದಿಲ್ಲ, ಕೇಳಿದರೆ "ದೃಷ್ಟಿ ಆಗ್ತದೆ ಟೀಚರ್ರೆ" ಎನ್ನುತ್ತಾರೆ. ಅದಕ್ಕೆ ಅವಳು ಊರವರಿಗೆಲ್ಲ ಬೈಯುತ್ತಿದ್ದಳು. ಈಗ ಅವಳ ಮನೆಯ ಹುಡುಗಿಯೇ ಹಾಗೆ ಮಾಡಿದ್ದಳು. ವಾಣಿಗೆ ಖುಷಿಯಾಯಿತು. ಫೋನ್ ಇಟ್ಟ ಮೇಲೆ ಮಾತ್ರ ಎರಡು ಮಾತು ತಲೆಯಲ್ಲಿ ಸಿಕ್ಕಿಕೊಂಡವು. ಮಾತ್ರೆ, ಬಸುರು. ಈ ಎರಡನ್ನೂ ಒಟ್ಟಿಗೆ ಹೇಳಿ ಯಾರೋ ತನ್ನನ್ನು ಎಲ್ಲೋ ಎಚ್ಚರಿಸಿದ್ದರು.

ಹೋದ ವರ್ಷ, ಮೂವತ್ತೆರಡನೇ ವಯಸ್ಸಿಗೆ, ವಾಣಿಯ ದವಡೆಯುದ್ದಕ್ಕೂ ಮೊಡವೆ ಎದ್ದಿತ್ತು. ಬೇರೆಯವರ ಮುಖದ ವಿಷಯದಲ್ಲಿ ನಮ್ಮ ಜನಕ್ಕೆ ದಾಕ್ಷಿಣ್ಯವೆಂಬುದೇ ಇಲ್ಲ. "ಎರಡು ಹೆತ್ತ ಮೇಲೆ ಎಂಥ ಮೊಡವೆನೇ?" ಎಂದು ಬಸ್ಸಿನಲ್ಲೇ ಕೇಳಿದರು. ಉಷ್ಣ ಎಂದರು, ಕೋಳಿ ಬಿಡು ಎಂದರು, ಕಡಲೆಹಿಟ್ಟು ಹಾಕಿ ಉಜ್ಜು ಎಂದರು. ಫ್ಯಾನ್ಸಿ ಸ್ಟೋರಿನವನು ಕೊಟ್ಟ ಬೆಳ್ಳಗಾಗುವ ಕ್ರೀಮು ಹದಿನೈದು ದಿನ ಮುಖ ಬೆಳಗಿಸಿತು. ಬಿಟ್ಟ ಕೂಡಲೇ ಇಮ್ಮಡಿ ಎದ್ದವು.

ಕೊನೆಗೆ ಹಾಸನದ ಚರ್ಮದ ಡಾಕ್ಟರು ನೋಡಿದರು. "ಇದು ಕೊಳೆಯಿಂದ ಬರೋದಲ್ಲಮ್ಮ, ಉಜ್ಜಬೇಡಿ. ಹಾರ್ಮೋನಿನ ಏರುಪೇರು, ಈ ವಯಸ್ಸಲ್ಲೂ ಬರುತ್ತೆ" ಎಂದು ಮೂರು ತಿಂಗಳು ಹಚ್ಚುವ ಮದ್ದು ಕೊಟ್ಟರು. ಅದು ಸಾಲದಾದಾಗ ರಕ್ತ ಪರೀಕ್ಷೆ ಮಾಡಿಸಿ ಕ್ಯಾಪ್ಸೂಲ್ ಬರೆದರು. ಬರೆಯುವ ಮೊದಲು ಒಂದು ಕಾಗದ ಮುಂದಿಟ್ಟು ಏನೇನೋ ವಿವರಿಸಿದರು. "ನಂಗೆ ಎರಡನೇದಕ್ಕೇ ಆಪರೇಷನ್ ಆಗೈತೆ ಸಾರ್" ಎಂದಿದ್ದಳು ವಾಣಿ. ಆಮೇಲೆ ಅವರು ಹೇಳಿದ್ದು ಅವಳ ಕಿವಿಗೆ ಹೋಗಲಿಲ್ಲ. ಬಸ್ಸಿಗೆ ಹೊತ್ತಾಗುತ್ತಿತ್ತು, ಸಹಿ ಹಾಕಿದಳು.

ಮುಖ ತಿಳಿಯಾಯಿತು. ಡಾಕ್ಟರು ಸಾಕು ಎಂದಾಗ ಮೊದಲೇ ತಂದಿಟ್ಟಿದ್ದ ಆರು ಸ್ಟ್ರಿಪ್ ಉಳಿದವು. ಯುಗಾದಿಗೆ ಬಂದ ಚೈತ್ರಶ್ರೀಯ ಕೆನ್ನೆಯ ತುಂಬ ಕೆಂಪು ಗುಳ್ಳೆಗಳಿದ್ದವು. "ಮಗು ಆಗ್ಲಿಲ್ಲ ಅಂತ ಆಸ್ಪತ್ರೆಗೆ ಕಳಿಸ್ತಾರೆ, ಮುಖಕ್ಕೆ ಅಂದ್ರೆ ಕಳಿಸ್ತಾರಾ ಅತ್ತಿಗೆ?" ಎಂದು ಅತ್ತಳು. ವಾಣಿ ಎದ್ದು ಉಳಿದ ಮಾತ್ರೆ ಹುಡುಕಿದಳು. ಮಾತ್ರೆಯ ಡಬ್ಬಿಯಲ್ಲಿ ಸೇಫ್ಟಿ ಪಿನ್ ತುಂಬಿಟ್ಟಿದ್ದರಿಂದ ಬರೀ ಆ ಆರು ಸ್ಟ್ರಿಪ್‌ಗಳನ್ನೇ ಕೊಟ್ಟು, "ಊಟ ಆದ್ಮೇಲೆ ದಿನಕ್ಕೊಂದು. ತುಟಿ ಒಡೀತದೆ, ತುಪ್ಪ ಹಚ್ಕೋ. ಒಂದು ದಿನಾನೂ ತಪ್ಪಿಸ್ಬೇಡ" ಎಂದಿದ್ದಳು. ಹೇಳಬೇಕಾದ್ದನ್ನೆಲ್ಲ ಹೇಳಿದೆ ಎಂದೇ ಅವಳ ನಂಬಿಕೆ.

ಮಧ್ಯಾಹ್ನ ಮನೆಗೆ ಬಂದವಳೇ ಪಿನ್ನುಗಳನ್ನು ಸುರಿದು ಡಬ್ಬಿ ಹಿಡಿದು ಕೂತಳು. ಕೆಂಪು ಗೆರೆಯೊಳಗೆ ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಒಂದೊಂದೇ ಪದ ಕೂಡಿಸಿ ಓದಿದಳು. ಬಸುರಿಯರು ನುಂಗಕೂಡದು, ಹುಟ್ಟುವ ಮಗುವಿಗೆ ಗಂಭೀರ ಊನ ಬರಬಹುದು. ಸ್ಟ್ರಿಪ್ಪಿಗೆ ಹತ್ತರಂತೆ ಯುಗಾದಿಯಿಂದ ಅರವತ್ತು ದಿನ ಬೆರಳು ಮಡಿಸಿದಳು, ಮತ್ತೆ ಮಡಿಸಿದಳು. ಮಗುವಿನ ಹೃದಯ, ಮಿದುಳು ಕೂಡಿಕೊಳ್ಳುವ ದಿನಗಳೆಂದು ತಾನೇ ತಾಯಂದಿರ ಸಭೆಯಲ್ಲಿ ಪಾಠ ಹೇಳುವ ದಿನಗಳು ಅವು.

ಡಾಕ್ಟರಿಗೆ ಫೋನ್ ಮಾಡಿದಳು. ಎಷ್ಟು ದಿನ ನುಂಗಿದ್ದಾರೆಂದು ಅವರು ಕೇಳಿ ತಿಳಿದುಕೊಂಡರು. "ಎಲ್ಲ ಮಕ್ಕಳಿಗೂ ಆಗುತ್ತೆ ಅಂತಲ್ಲ. ಆದರೆ ಆಗೋದು ಸಣ್ಣದಲ್ಲ. ಇನ್ನು ಒಂದೂ ಕೊಡಬೇಡಿ. ಹೆರಿಗೆ ಡಾಕ್ಟರ ಹತ್ತಿರ ತಡಮಾಡದೆ ಕರ್ಕೊಂಡು ಹೋಗಿ, ಸ್ಕ್ಯಾನ್ ನೋಡಬೇಕು. ನಿಮ್ಮ ನಾದಿನಿಗೆ ಹೇಳಿದೀರಾ?"

"ಹೇಳ್ತೀನಿ ಸಾರ್."

ಹೇಳದಿದ್ದರೂ ನಡೆಯುತ್ತಿತ್ತು, ಅದೇ ಅವಳನ್ನು ಹೆದರಿಸಿದ್ದು. ಮಗು ಚೆನ್ನಾಗಿ ಹುಟ್ಟಿದರೆ ಮಾತೇ ಇಲ್ಲ. ಹುಟ್ಟದಿದ್ದರೆ ಗ್ರಹಚಾರ ಎನ್ನುತ್ತಾರೆ, ಹೆತ್ತೂರಿನವರು ಸೊಸೆಯನ್ನು ಅನ್ನುತ್ತಾರೆ. ಪಿನ್ನಿನ ಡಬ್ಬಿಯ ಕಡೆ ಯಾರೂ ನೋಡುವುದಿಲ್ಲ. ಆ ಯೋಚನೆ ತನ್ನ ತಲೆಯಲ್ಲಿ ಇಷ್ಟು ಸಲೀಸಾಗಿ ಬಂದು ಕೂತದ್ದಕ್ಕೆ ವಾಣಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಮರುದಿನ ಚೈತ್ರಶ್ರೀ ಬಂದಳು. ಮುಖದಲ್ಲಿ ಒಂದು ಗುಳ್ಳೆ ಇರಲಿಲ್ಲ. ಸುದ್ದಿ ಕೇಳಿದ ಅವಳ ತಾಯಿ ಮಾದಮ್ಮ ಮಗಳ ಗಲ್ಲ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. "ಬಸುರಿ ಕಳೆ ಅಂದ್ರೆ ಇದು ಕಣೇ ವಾಣಿ. ನಾಲ್ಕು ವರ್ಷಕ್ಕೆ ದೇವ್ರು ಕಣ್ಬುಟ್ಟ."

ಮಗಳನ್ನು ಮಣೆಯ ಮೇಲೆ ಕೂರಿಸಿ, ಉಪ್ಪು ಮೆಣಸಿನಕಾಯಿ ಹಿಡಿದು ನಿವಾಳಿಸಿದರು. "ಹೋದೋರ ಕಣ್ಣು, ಬಂದೋರ ಕಣ್ಣು, ನೆಂಟ್ರ ಕಣ್ಣು, ನೆರೆಯೋರ ಕಣ್ಣು..." ಎಂದು ಒಲೆಗೆ ಹಾಕಿದರು. ದೃಷ್ಟಿಯಾಗಿದ್ದರೆ ಮೆಣಸಿನಕಾಯಿ ಘಾಟು ಬರುವುದಿಲ್ಲ ಎಂಬುದು ಅವರ ಲೆಕ್ಕ. ಘಾಟು ಭುಗ್ಗೆಂದು ಬಂತು. ಮೂವರೂ ಕಣ್ಣೀರು ಬರುವಷ್ಟು ಕೆಮ್ಮಿದರು.

"ನೋಡಿದ್ಯಾ? ಯಾರ ಕಣ್ಣೂ ಬಿದ್ದಿಲ್ಲ. ಇನ್ನು ನನ್ ಮೊಮ್ಮಗೀಗೆ ಏನೂ ಭಯ ಇಲ್ಲ" ಎಂದು ಮಾದಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

ವಾಣಿಗೆ ಇನ್ನು ತಡೆಯಲಾಗಲಿಲ್ಲ. "ಅತ್ತೆ, ಅದು ಬಸುರಿ ಕಳೆ ಅಲ್ಲ. ನಾನು ಕೊಟ್ಟ ಮಾತ್ರೆ."

"ಹೂಂ ಕಣವ್ವ," ಎಂದು ಚೈತ್ರಶ್ರೀ ನಕ್ಕಳು. "ಎಲ್ಲಾ ಅತ್ತಿಗೇದೇ ಪುಣ್ಯ. ಸಿಕ್ತಾ ಅತ್ತಿಗೆ ಇನ್ನೊಂದು ಸ್ಟ್ರಿಪ್?"

ಚಾಚಿದ ಆ ಕೈಯೊಳಗೆ ವಾಣಿ ಖಾಲಿ ಡಬ್ಬಿ ಇಟ್ಟಳು. ವಾಣಿ ಕಷ್ಟಪಟ್ಟು ಓದಿದ್ದನ್ನು ಬಿ.ಎ. ಮಾಡಿದ ಚೈತ್ರಶ್ರೀ ಒಂದೇ ಗಳಿಗೆಯಲ್ಲಿ ಓದಿ ಮುಗಿಸಿದಳು. ಆಮೇಲೆ ಇನ್ನೊಂದು ಸಲ ಓದಿದಳು.

"ಡಾಕ್ಟ್ರು ನಿಮಗೆ ಹೇಳಿರ್ಲಿಲ್ವಾ?"

ಇಲ್ಲ ಎಂದುಬಿಡಬಹುದಿತ್ತು. "ಹೇಳಿದ್ರು. ನನಗಲ್ಲ ಅಂತ ಕಿವಿಗೆ ಹಾಕ್ಕೊಳ್ಳಲಿಲ್ಲ. ಈಗ್ಲೇ ಹಾಸನಕ್ಕೆ ಹೋಗಣ, ಏಳು."

"ಏನಂತೆ? ಏನು ಬರ್ದೈತೆ ಅದ್ರಾಗೆ?" ಎಂದು ಮಾದಮ್ಮ ಇಬ್ಬರ ಮುಖವನ್ನೂ ನೋಡಿದರು.

ಚೈತ್ರಶ್ರೀ ಮಣೆಯಿಂದ ಏಳಲಿಲ್ಲ. ಡಬ್ಬಿಯ ಮೂಲೆಯಲ್ಲಿ ಸಿಕ್ಕಿಕೊಂಡಿದ್ದ ಒಂದು ಪಿನ್ನನ್ನು ಬೆರಳಿನಿಂದ ಬಿಡಿಸುತ್ತ, ವಾಣಿಯತ್ತ ನೋಡದೆ ಹೇಳಿದಳು:

"ನೀವು ಹೇಳಿದ್ರಿ ಅಂತ ಒಂದು ದಿನಾನೂ ತಪ್ಪಿಸ್ಲಿಲ್ಲ ಅತ್ತಿಗೆ."