ಕೆನ್ನೆಯೊಳಗಿನ ಮುಯ್ಯಾಳುಗಳು

ಕ್ಯಾನ್ಸರ್ ಎಂದು ಗೊತ್ತಾದ ದಿನ ಚಲುವಯ್ಯ ಅಳಲಿಲ್ಲ, ಅವನ ಹೆಂಡತಿ ಚಿಕ್ಕಮ್ಮ ಅತ್ತಳು. ಅವನಿಗೆ ಬೇರೆಯದೇ ಚಿಂತೆ ಹತ್ತಿಕೊಂಡಿತ್ತು.

ಪಿರಿಯಾಪಟ್ಟಣದ ಪಕ್ಕದ ಹಳ್ಳಿಯವನು. ಹೊಗೆಸೊಪ್ಪನ್ನು ಹೊಲದಲ್ಲಿ ಬೆಳೆದದ್ದು ಸಾಲದೆಂದು ಎಲೆಯಡಿಕೆಯ ಜೊತೆ ಎಡಗೆನ್ನೆಯಲ್ಲೂ ತುಂಬಿಕೊಂಡು ಓಡಾಡಿದ ಮಹಾನುಭಾವ. ಗಂಟು ಎದ್ದದ್ದೂ ಅಲ್ಲೇ. ಮೈಸೂರಿನ ಆಸ್ಪತ್ರೆಯಲ್ಲಿ ಅದರ ಚೂರು ತೆಗೆದು ಪರೀಕ್ಷೆ ಮಾಡಿಸಿದ ಡಾಕ್ಟರ್ ತಹಸೀನ್ ಹುಣಸೂರಿನ ಹೆಣ್ಣುಮಗಳು. ಹಳ್ಳಿಯವರಿಗೆ ಅರ್ಥವಾಗುವಂತೆ ಹೇಳಬಲ್ಲವರು. ಆ ದಿನ ಸ್ವಲ್ಪ ಹೆಚ್ಚೇ ಅರ್ಥವಾಗಿಬಿಟ್ಟಿತು.

"ಗಂಟು ಕೆಟ್ಟದ್ದೇ, ಆದ್ರೆ ಒಂದು ಒಳ್ಳೆ ಗುರುತಿದೆ," ಎಂದರು ಡಾಕ್ಟರು. "ರೋಗದ ಜೊತೆ ಬಡಿದಾಡೋ ಬಿಳಿ ರಕ್ತಕಣಗಳು ಕೆಲವರಲ್ಲಿ ಬೇಲಿ ಆಚೆನೇ ನಿಂತ್ಬಿಡ್ತವೆ. ನಿಮ್ಮವು ಗಂಟಿನ ಒಳಗೇ ಇಳಿದು ಕೆಲಸ ಮಾಡ್ತಾ ಇವೆ. ಇಂಥವರು ಗುಣ ಆಗೋದು ಜಾಸ್ತಿ."

"ಅವ್ರನ್ನ ಕರೆದೋರು ಯಾರು ಮೇಡಮ್ಮೋರೆ?"

"ಯಾರೂ ಇಲ್ಲ. ತಾವಾಗೇ ಬಂದಿವೆ."

ಅಲ್ಲಿಗೆ ಮುಗಿಯಿತು, ಚಲುವಯ್ಯನ ಲೆಕ್ಕದಲ್ಲಿ ಅವು ಮುಯ್ಯಾಳುಗಳಾಗಿಬಿಟ್ಟವು. ಹೊಗೆಸೊಪ್ಪು ಮುರಿಯುವ ಕಾಲದಲ್ಲಿ ಆ ಕಡೆಯವರು ಒಬ್ಬರ ಹೊಲಕ್ಕೆ ಇನ್ನೊಬ್ಬರು ಮುಯ್ಯಾಳಾಗಿ ಹೋಗುತ್ತಾರೆ. ಕೂಲಿ ಕೊಡುವಂತಿಲ್ಲ, ಆದರೆ ಊಟ ಭರ್ಜರಿಯಾಗಿರಬೇಕು. ಅದರಲ್ಲೂ ಕರೆಯದೇ ಬಂದು ದುಡಿದವರನ್ನು ಹಸಿದ ಹೊಟ್ಟೆಯಲ್ಲಿ ಕಳಿಸಿದವನು ಊರಲ್ಲಿ ತಲೆಯೆತ್ತಿ ತಿರುಗುವ ಹಾಗಿಲ್ಲ.

ಮನೆಗೆ ಬಂದವನೇ ಚಲುವಯ್ಯ ಬಾಡೂಟ ಮಾಡಿಸಿದ. ಒಂದೊಂದು ತುತ್ತನ್ನೂ ನೋವು ನುಂಗಿಕೊಂಡು ಎಡಗೆನ್ನೆಗೆ ದಾಟಿಸಿ, "ತಗಳ್ರಪ್ಪ, ಸಂಕೋಚ ಮಾಡ್ಕಬ್ಯಾಡಿ," ಎಂದು ಉಪಚರಿಸಿದ.

"ಕೆನ್ನೆ ಜೊತೆ ಮಾತಾಡಾದು ಬುಟ್ಟು ಉಣ್ಣಿ," ಎಂದು ಚಿಕ್ಕಮ್ಮ ಗದರಿದಳು.

ಆದರೆ ಮದುವೆಯಾದಾಗಿನಿಂದ ಅವಳು ಬೈದು ಬಿಡಿಸಲಾಗದ ಹೊಗೆಸೊಪ್ಪನ್ನು ಅವನು ಅವತ್ತೇ ಬಿಟ್ಟ. "ಕೆಲ್ಸ ಮಾಡೋರ ತಲೆ ಮ್ಯಾಲೆ ಅದ ಸುರಿಯಕ್ಕಾಯ್ತದಾ?" ಎಂದ.

ರಗಳೆ ಎದ್ದದ್ದು ಆಪರೇಷನ್ನಿನ ಮಾತು ಬಂದಾಗ. ಗಂಟನ್ನು ಪೂರ್ತಿ ತೆಗೆಯುತ್ತೇವೆ ಎಂದರು ಡಾಕ್ಟರು.

"ಒಳಗಿರೋ ನಮ್ಮೋರು?"

"ಗಂಟಿನ ಜೊತೆ ಅವೂ ಬರ್ತವೆ."

ಚಲುವಯ್ಯ ಟವೆಲು ಕೊಡವಿ ಎದ್ದ. "ಅಂಗಾದ್ರೆ ಬ್ಯಾಡ ಬುಡಿ. ನನಗೋಸ್ಕರ ಹೊಲಕ್ಕಿಳಿದೋರ ಮ್ಯಾಲೆ ನಾನೇ ಟ್ರ್ಯಾಕ್ಟರ್ ಹೊಡಿಸ್ಲಾ?"

ಬರೀ ಅವುಗಳನ್ನು ನಂಬಿ ಕೂತರೆ ರೋಗ ಕುತ್ತಿಗೆಗೆ ಇಳಿಯುತ್ತದೆ, ಆಮೇಲೆ ಉಳಿಸುವುದು ಕಷ್ಟ ಎಂದು ಡಾಕ್ಟರು ಬಿಡಿಸಿ ಹೇಳಿದರು. ಅವನು ಪಿರಿಯಾಪಟ್ಟಣದ ಬಸ್ಸು ಹತ್ತಿಯೇಬಿಟ್ಟ. ಸಾಯುವ ಭಯ ಅವನಿಗೂ ಇತ್ತು. ಆದರೆ ಉಪಕಾರ ಮಾಡಿದವರಿಗೆ ದ್ರೋಹ ಬಗೆದು ಬದುಕುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ.

ಮನೆಯಲ್ಲಿ ಮತ್ತೆ ಬಾಡಿನ ತಟ್ಟೆಯ ಮುಂದೆ ಕೂತ. ಚಿಕ್ಕಮ್ಮ ತಟ್ಟೆಯನ್ನು ಎಳೆದುಕೊಂಡಳು.

"ಮುಯ್ಯಾಳು ಬಂದಾಗ ಹೊಲದ ಯಜಮಾನ ಬದಿನ ಮ್ಯಾಲೆ ಕುಂತಿರ್ತಾನಾ?" ಎಂದಳು.

"ಇಲ್ಲ. ಅವ್ನೂ ಇಳೀಬೇಕು."

"ಪಾಪ, ಅವು ಒಳಗೆ ಒದ್ದಾಡ್ತಾವೆ. ನೀವು ಇಲ್ಲಿ ಕುಂತ್ಕಂಡು ಬಾಡು ತಿಂತಿದ್ದೀರಿ. ನಿಮ್ ಪಾಲಿನ ಕೆಲ್ಸ ಆ ಆಪರೇಷನ್ನು. ಅದ ಮಾಡ್ದೆ ನೀವು ಸತ್ರೆ ಅವು ಬಂದಿದ್ದೇ ದಂಡ." ಅವಳು ತಟ್ಟೆಯನ್ನು ಇನ್ನೂ ದೂರ ಸರಿಸಿದಳು. "ನನ್ ಗತಿ ಆಮೇಲೆ."

ಚಲುವಯ್ಯನಿಗೆ ನಾಚಿಕೆಯಾಯಿತು. ಮರುದಿನ ಮೊದಲ ಬಸ್ಸಿಗೆ ಅವನೇ ಅವಳನ್ನು ಎಬ್ಬಿಸಿದ.

ಆಪರೇಷನ್ ಚೆನ್ನಾಗಿ ಆಯಿತು. ರೋಗ ಕುತ್ತಿಗೆಗೆ ಹರಡಿರಲಿಲ್ಲ. ಹೊಲಿಗೆ ಹಾಕಿದ ಬಾಯಲ್ಲಿ ಅವನಿಗೆ ಮಾತು ಹೊರಡುತ್ತಿರಲಿಲ್ಲ, ಆದರೂ ತನ್ನವರನ್ನು ಒಮ್ಮೆ ತೋರಿಸಿ ಎಂದು ಕೈಸನ್ನೆ ಮಾಡಿ ಮಾಡಿ ಡಾಕ್ಟರನ್ನು ಗೋಳು ಹೊಯ್ದುಕೊಂಡ. ಕೊನೆಗೆ ಅವರು ಇಬ್ಬರನ್ನೂ ಲ್ಯಾಬಿಗೆ ಕರೆದೊಯ್ದು ಸೂಕ್ಷ್ಮದರ್ಶಕದ ಮುಂದೆ ನಿಲ್ಲಿಸಿದರು. ಗಾಜಿನ ಮೇಲೆ ಗಂಟಿನ ಒಂದು ತೆಳು ಚೂರು, ಅದರ ತುಂಬ ಆ ಬಿಳಿ ರಕ್ತಕಣಗಳು, ಲ್ಯಾಬಿನವರು ಹಾಕಿದ ಬಣ್ಣಕ್ಕೆ ನೀಲಿ ಚುಕ್ಕಿಗಳಾಗಿ, ಒತ್ತೊತ್ತಾಗಿ ನಿಂತಿದ್ದವು. ಚಲುವಯ್ಯ ನೋಡಿ ಕೈಮುಗಿದ. ಏನೋ ಹೇಳಲು ಹೋದ, ಆಗಲಿಲ್ಲ, ಹೆಂಡತಿಯ ಮುಖ ನೋಡಿದ.

ಚಿಕ್ಕಮ್ಮ ಬಗ್ಗಿ ಬಹಳ ಹೊತ್ತು ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು, ಡಾಕ್ಟರು ಪಕ್ಕದಲ್ಲಿದ್ದಾರೆ ಎನ್ನುವುದನ್ನೂ ಮರೆತು, ಆ ಚುಕ್ಕಿಗಳಿಗೆ ಮೆಲ್ಲಗೆ ಹೇಳಿದಳು:

"ಅವ್ರ ಬಾಯಿ ವಾಸಿ ಆಗ್ಲಿ ಕಣ್ರಪ್ಪ. ಮಿಕ್ಕಿರೋ ನಿಮ್ಮೋರ್ಗೆಲ್ಲ ನಾನೇ ಬಡಿಸ್ತೀನಿ."